ಮಾಳಿಗೆಯ ಮೇಲೆ ಮಠದ ನಗೆಚಿತ್ರ ತೋರಿಸುವುದು ಹೇಗೆ

ಜೆಫ್ ಬೇನಾ ನಿರ್ದೇಶನದ 2017ರ ‘ದಿ ಲಿಟ್ಲ್ ಅವರ್ಸ್’ ಚಿತ್ರವನ್ನು ಗೆಳೆಯರಿಗೆ ತೋರಿಸುವುದಾದರೆ, ಬಂದವರೆಲ್ಲ ವಯಸ್ಕರೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ; ಅದರಲ್ಲಿ ಬೈಗುಳವೂ ನಗ್ನತೆಯೂ ಧಾರಾಳವಾಗಿವೆ. ಬಳ್ಳಾರಿಯ ಬೇಸಿಗೆಯಲ್ಲಿ ಮಾಳಿಗೆ ತಣಿಯಲು ಹೊತ್ತು ಹಿಡಿಯುವುದರಿಂದ ರಾತ್ರಿ ಎಂಟರ ನಂತರವೇ ಪರದೆ ಕಟ್ಟಿ.

ನಮ್ಮಲ್ಲಿ ಕಾನ್ವೆಂಟ್ ಎಂದರೆ ಇಂಗ್ಲಿಷ್ ಶಾಲೆ ಎಂದೇ ರೂಢಿಯಾಗಿರುವುದರಿಂದ, ಈ ಚಿತ್ರದ ಕಾನ್ವೆಂಟ್ ಕ್ರೈಸ್ತ ಸನ್ಯಾಸಿನಿಯರ ಮಠ ಎಂದು ಆರಂಭದಲ್ಲೇ ತಿಳಿಸಿ. ಮಧ್ಯಯುಗದ ಇಟಲಿಯಲ್ಲಿ ಮದುವೆಯ ವರದಕ್ಷಿಣೆಗಿಂತ ಮಠಕ್ಕೆ ಕೊಡುವ ಹಣ ಕಡಿಮೆಯಾಗಿದ್ದುದರಿಂದ, ಎಷ್ಟೋ ಸಿರಿವಂತರು ಹೆಣ್ಣುಮಕ್ಕಳ ಮನಸ್ಸನ್ನು ಕೇಳದೆಯೇ ಅವರನ್ನು ಅಲ್ಲಿಗೆ ಸೇರಿಸುತ್ತಿದ್ದರು. ಇದು ತಿಳಿಯದವರಿಗೆ, ತೋಟದ ಆಳು ಎದುರಾದೊಡನೆ ಸನ್ಯಾಸಿನಿಯರು ಅವನ ಮೇಲೆ ಹರಿಹಾಯುವ ದೃಶ್ಯ ಬರೀ ಒರಟುತನವಾಗಿ ಕಾಣುತ್ತದೆ. ತಿಳಿದವರಿಗೆ ಆ ಬೈಗುಳದಲ್ಲಿ ಗೋಡೆಯೊಳಗೆ ಸಿಕ್ಕಿಬಿದ್ದವರ ಸಿಟ್ಟು ಕೇಳಿಸುತ್ತದೆ.

ಕಥೆಯ ಮೂಲ 14ನೇ ಶತಮಾನದ ಇಟಲಿಯ ಲೇಖಕ ಬೊಕಾಚಿಯೊನ ಕಥಾಸಂಕಲನ ‘ಡೆಕಾಮೆರಾನ್’. ಹತ್ತು ದಿನಗಳಲ್ಲಿ ಹೇಳಿದಂತೆ ಜೋಡಿಸಿರುವ ಅದರ 100 ಕಥೆಗಳಲ್ಲಿ ಮೂರನೆಯ ದಿನದ ಮೊದಲನೆಯದನ್ನು, ಮೂಗನಂತೆ ನಟಿಸಿ ಮಠದ ತೋಟ ಸೇರುವ ಮಸೆಟ್ಟೊನ ಕಥೆಯನ್ನು, ಮೊದಲೇ ಹೇಳಿಬಿಡಿ. ಅದರಿಂದ ನಗು ಕಡಿಮೆಯಾಗುವುದಿಲ್ಲ.

ಉಡುಪು 14ನೇ ಶತಮಾನದ್ದು, ಮಾತು ಮಾತ್ರ ಇಂದಿನ ಅಮೆರಿಕದ ಬೀದಿಯದು. ಸಂಭಾಷಣೆ ವೇಗವಾಗಿರುವುದರಿಂದ ಅಡಿಬರಹ ಹಾಕಿಕೊಳ್ಳುವುದು ಒಳ್ಳೆಯದು.

ಇದು ಧರ್ಮದ ಅವಹೇಳನವಲ್ಲವೇ ಎಂದು ಯಾರಾದರೂ ಕೇಳಿದರೆ, ನಮ್ಮ ತೊಗಲುಗೊಂಬೆಯಾಟವನ್ನು ನೆನಪಿಸಿ. ರಾಮಾಯಣದ ನಡುವೆಯೇ ಕಿಳ್ಳೇಕ್ಯಾತ ಪರದೆಗೆ ಬಂದು ಪೋಲಿ ಮಾತಾಡುತ್ತಾನೆ, ಜನ ಬಿದ್ದುಬಿದ್ದು ನಗುತ್ತಾರೆ, ಮರುಕ್ಷಣವೇ ರಾಮನಿಗೆ ಕೈಮುಗಿಯುತ್ತಾರೆ.