ಅಕ್ಕನ ಹತ್ರ ಸಾಲ ತಗೊಂಡು ಮನೆಯ ಮಾಡು (ಛಾವಣಿ) ಸರಿ ಮಾಡಿಸಿದ್ದು: ನನ್ನ ಅನುಭವ

ಉಡುಪಿ ಹತ್ರದ ಪರ್ಕಳದಲ್ಲಿ ನಮ್ಮದು ಹಳೇ ಹಂಚಿನ ಮನೆ. ಅಡುಗೆಮನೆ ಮೂಲೆ ಸೋರ್ತಿತ್ತು, ಆಚಾರಿ ಹತ್ತಿ ಪಕ್ಕಾಸಿಗೆ (ಹಂಚು ಹೊರುವ ಮರದ ಪಟ್ಟಿ) ಉಳಿ ಚುಚ್ಚಿದ್ರೆ ಹಿಟ್ಟಿನ ಹಾಗೆ ಉದುರಿತು, ಒಳಗೆಲ್ಲ ಒರಲೆ (ಗೆದ್ದಲು). ಮರ ತೆಗೆದು ಜಿಐ ಪೈಪ್ (ತುಕ್ಕು ಹಿಡಿಯದ ಹಾಗೆ ಸತು ಲೇಪಿಸಿದ ಕಬ್ಬಿಣದ ಪೈಪ್) ಹಾಕಿ ಅದೇ ಹಂಚು ತೊಳೆದು ಕೂರಿಸುದು, ವಯರಿಂಗ್, ಬಾತ್ರೂಮ್ ಎಲ್ಲ ಸೇರಿ ಕೈಯಲ್ಲಿದ್ದದ್ದಕ್ಕೆ 4 ಲಕ್ಷ ಕಮ್ಮಿ ಬಿತ್ತು. ಪರ್ಸನಲ್ ಲೋನಿನ ಬಡ್ಡಿ ವಿಚಾರಿಸಿದ ಮೇಲೆ ಸುರತ್ಕಲ್ಲಿನ ಅಕ್ಕನ ಹತ್ರ ಕೇಳುವ ಅಂತ ಆಯ್ತು.

ಕೇಳುವಾಗ ಭಾವ, ನನ್ನ ಹೆಂಡತಿ ಇಬ್ರೂ ಕೂತಿರ್ಲಿ ಅಂತ ಬೇಕಂತಲೇ ನೋಡಿಕೊಂಡೆ. ಗುಟ್ಟಲ್ಲಿ ಆದ ಸಾಲ ಯಾವತ್ತೋ ಒಂದು ಮದುವೆ ಮನೆಯಲ್ಲಿ ಮಾತಾಗಿ ಹೊರಗೆ ಬರ್ತದೆ, ಅದು ನಂಗೆ ಬೇಡ. ಬಡ್ಡಿ ಅಂದ ಕೂಡ್ಲೆ ಭಾವ "ಅದೆಲ್ಲ ಎಂತಕ್ಕೆ ಮಾರಾಯ, ನಾವೆಂತ ಹೊರಗಿನವರಾ?" ಅಂದ್ರು. ಆದ್ರೆ ಅಕ್ಕ ಕೊಡ್ಲಿಕ್ಕೆ ಹೊರಟದ್ದು ಬ್ಯಾಂಕಿನ ಎಫ್‌ಡಿ (ನಿಶ್ಚಿತ ಠೇವಣಿ) ಮುರಿದು, ಅದು ಅವಳು ಹೊಲಿಗೆ ಮಾಡಿ ಕೂಡಿಟ್ಟದ್ದು, ಅವಧಿಗೆ ಮುಂಚೆ ಮುರಿದ್ರೆ ಬ್ಯಾಂಕಿನವರು ಬಡ್ಡಿ ಕಟ್ ಮಾಡ್ತಾರೆ, ಹಾಗಾಗಿ ಎಫ್‌ಡಿಗೆ ಎಷ್ಟು ಸಿಗ್ತಿತ್ತೋ ಅಷ್ಟೇ ಬಡ್ಡಿ ನಾನು ಕೊಡುದು, ಮುರಿದದ್ರಲ್ಲಿ ಹೋದದ್ದೂ ನನ್ನ ಲೆಕ್ಕಕ್ಕೆ ಅಂತ ಹಠ ಹಿಡಿದೆ. ಕೊನೆಗೆ ಒಪ್ಪಿದ್ರು.

ದುಡ್ಡು ಪೂರ್ತಿ ಅಕೌಂಟಿಗೇ ಹಾಕಿಸಿಕೊಂಡೆ. ಮನೆಯವರ ಹತ್ರ ಆದ್ರೂ 20,000 ಮತ್ತು ಮೇಲಿನ ಸಾಲ ಕ್ಯಾಶಲ್ಲಿ ತಗೊಳ್ಲಿಕ್ಕಿಲ್ಲ, ಇನ್‌ಕಮ್ ಟ್ಯಾಕ್ಸಿನವರು ಅಷ್ಟೇ ಮೊತ್ತದ ದಂಡ ಹಾಕಬಹುದು. ಒಟ್ಟಿಗೆ ತಗೊಳ್ಲಿಲ್ಲ, ಪೈಪ್ ಬರುವಾಗ ಅರ್ಧ, ಬಾತ್ರೂಮಿಗೆ ಕೈ ಹಾಕುವಾಗ ಅರ್ಧ, ಬಡ್ಡಿ ತಗೊಂಡಷ್ಟಕ್ಕೆ ಮಾತ್ರ.

ಒಂದು ಹಾಳೆಯಲ್ಲಿ ಮೊತ್ತ, ಬಡ್ಡಿ, ಪ್ರತಿ ತಿಂಗಳು 7ಕ್ಕೆ ಕಂತು, ಒಂದು ತಿಂಗಳು ತಪ್ಪಿದ್ರೆ ಎಂತ, ನಂಗೆ ಏನಾದ್ರೂ ಆದ್ರೆ ಯಾರು ಕೊಡುದು, ಎಲ್ಲ ಬರ್ದು ನಾಲ್ಕೂ ಜನ ಸಹಿ ಹಾಕಿದೆವು. ಕೊನೇ ಸಾಲು ಬರೆಯುವಾಗ ಅಕ್ಕ "ಅಂಥದ್ದೆಲ್ಲ ಬರೀಬೇಡ" ಅಂತ ಪೆನ್ನು ಹಿಡ್ಕೊಂಡಳು, ಆದ್ರೂ ಬರ್ದೆ, ಅವಳ ದುಡ್ಡು ಅದು. ಸಾಲ ವಸೂಲಿಗೆ ಕೋರ್ಟಿಗೆ ಹೋಗ್ಲಿಕ್ಕೆ ಕಾನೂನಲ್ಲಿ ಸಾಮಾನ್ಯವಾಗಿ 3 ವರ್ಷದ ವಾಯಿದೆ, ನಮ್ಮ ಕಂತು ಅದಕ್ಕಿಂತ ಉದ್ದ, ವಾಯಿದೆ ಮುಗಿಯುವ ಮುಂಚೆ ಬಾಕಿ ಒಪ್ಪಿ ಸಹಿ ಹಾಕಿದ್ರೆ ಅದು ಮತ್ತೆ ಹೊಸದಾಗಿ ಶುರು ಆಗ್ತದೆ, ಹಾಗಾಗಿ ಪ್ರತಿ ದೀಪಾವಳಿಗೆ ಬಾಕಿ ಎಷ್ಟು ಅಂತ ಬರ್ದು ಸಹಿ ಹಾಕಿ ಕೊಡ್ತೇನೆ.

ಇನ್ನೊಂದು, ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಇರುವವರಿಗೆ ನಾವೇ ಇರುವ ಮನೆಯ ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30,000ದ ವರೆಗೆ ಟ್ಯಾಕ್ಸ್ ಲೆಕ್ಕದ ಆದಾಯದಲ್ಲಿ ಕಡಿತ ಉಂಟು, ಸಂಬಂಧಿಕರ ಸಾಲಕ್ಕೂ ಸಿಗ್ತದೆ, ಅವರಿಂದ ಬಡ್ಡಿಯ ಸರ್ಟಿಫಿಕೇಟ್ ಬರೆಸಿಕೊಳ್ಬೇಕು, ಅವರು ಅದನ್ನು ಆದಾಯ ಅಂತ ತೋರಿಸ್ಬೇಕು.

ನಮ್ಮ ಊರಲ್ಲಿ ಮಾಡಿನ ಕೆಲಸ ಮೇ ಒಳಗೆ ಮುಗೀಬೇಕು, ಮಾರ್ಚಲ್ಲಿ ಹೋದ್ರೆ ಮೇಸ್ತ್ರಿಗಳು ಸಿಗುದೇ ಕಷ್ಟ. ಕೇಳುವವರು ಡಿಸೆಂಬರಲ್ಲೇ ಕೇಳಿ, ಕೊಡುವವರಿಗೂ ಯೋಚನೆ ಮಾಡ್ಲಿಕ್ಕೆ ಟೈಮ್ ಸಿಗ್ತದೆ.