ಬೆಳಗಾವಿಯಲ್ಲಿ ಕೊಂಡ ಹಳೇ ಬೈಕನ್ನು ವಿಜಯಪುರದ ಮನೆ ಮುಟ್ಟಿಸುವುದು

ಬೆಳಗಾವಿಯಿಂದ ನೇಸರಗಿ, ಯರಗಟ್ಟಿ, ಲೋಕಾಪುರ, ಗದ್ದನಕೇರಿ ಕ್ರಾಸ್, ಕೊಲ್ಹಾರದ ಮೇಲೆ ವಿಜಯಪುರಕ್ಕೆ ಸುಮಾರು 200 ಕಿ.ಮೀ. ದಿನಾ ಓಡುವ ಗಾಡಿಗೆ ಇದೇನು ದೊಡ್ಡ ದಾರಿಯಲ್ಲ. ಆದರೆ ಯಾರದೋ ಮನೆಯ ಮೂಲೆಯಲ್ಲಿ ಆರು ತಿಂಗಳು ನಿಂತಿದ್ದ ಸೆಕೆಂಡ್ ಹ್ಯಾಂಡ್ ಬೈಕಿನ ರೋಗ ಹೊರಗೆ ಬೀಳುವುದು ಇಂಜಿನ್ ಪೂರ್ತಿ ಕಾದ ಮೇಲೆಯೇ. ಹಾಗಾಗಿ ಕೊಂಡ ದಿನವೇ ಊರಿಗೆ ಹೊರಡಬೇಡಿ. ಮೊದಲ 40-50 ಕಿ.ಮೀ. ಬೆಳಗಾವಿಯ ಸುತ್ತಮುತ್ತಲೇ ಓಡಿಸಿ, ರಾತ್ರಿ ಅಲ್ಲೇ ಉಳಿದು ಮರುದಿನ ಹೊರಡಿ. ಕೆಡುವುದಿದ್ದರೆ ಗ್ಯಾರೇಜು, ಸ್ಪೇರ್ ಪಾರ್ಟ್ಸ್ ಅಂಗಡಿ ಹತ್ತಿರ ಇರುವಲ್ಲೇ ಕೆಡಲಿ.

ಹಣ ಕೊಡುವ ಮೊದಲು ಕಾಗದ ನೋಡಿ. ಹ್ಯಾಂಡಲ್ ಕೆಳಗಿನ ಕುತ್ತಿಗೆಯ ಮೇಲೆ ಕೊರೆದ ಚಾಸಿಸ್ ನಂಬರು ಮತ್ತು ಇಂಜಿನ್ ನಂಬರನ್ನು ಆರ್‌ಸಿಯೊಂದಿಗೆ ಒಂದೊಂದೇ ಅಂಕಿ ತಾಳೆ ಹಾಕಿ. ಫಾರ್ಮ್ 29 (ಗಾಡಿ ಮಾರಿದ್ದೇನೆ ಎಂಬ ತಿಳಿವಳಿಕೆ) ಎರಡು ಪ್ರತಿ, ಫಾರ್ಮ್ 30 (ಮಾಲೀಕತ್ವ ಬದಲಾವಣೆಯ ಅರ್ಜಿ), ಎರಡಕ್ಕೂ ಮಾರಿದವರ ಸಹಿ ಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಆ ನಮೂದು ತೆಗೆಸುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಸಿಗುವವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಮಾರಾಟದ ಚೀಟಿಯಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ. ಅಂದು ಬೆಳಿಗ್ಗೆ ಆ ಗಾಡಿಗೆ ದಂಡ ಬಿದ್ದಿದ್ದರೆ ಅದು ಯಾರ ಲೆಕ್ಕಕ್ಕೆ ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ. ವಿಮೆ ಇನ್ನೂ ಹಳೇ ಮಾಲೀಕರ ಹೆಸರಲ್ಲಿದ್ದರೂ ಎದುರಿನವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ ರಕ್ಷಣೆ ನಡೆಯುತ್ತದೆ. ನಿಮ್ಮ ಗಾಡಿಗೇ ಆದ ಹಾನಿಗೆ ಮಾತ್ರ ಪಾಲಿಸಿ ನಿಮ್ಮ ಹೆಸರಿಗೆ ಆಗುವವರೆಗೆ ಕ್ಲೇಮ್ ಸಿಗುವುದು ಕಷ್ಟ.

ಇನ್ನು ಗಾಡಿ. ನಿಂತ ಗಾಡಿಯ ಹಳೇ ಪೆಟ್ರೋಲನ್ನು ನಂಬಬೇಡಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನೀರು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ತುಕ್ಕು ಹಿಡಿಸುತ್ತದೆ. ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಇದ್ದರೆ ಅದರ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಕಸರು ಹರಿಸಿ, ಹೊಸ ಪೆಟ್ರೋಲ್ ಹಾಕಿ. ಇಂಜಿನ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳುತ್ತ ಕೂರುವ ಬದಲು ಹೊಸದನ್ನೇ ಹಾಕಿಸಿಬಿಡಿ. 100 ಸಿಸಿ ಗಾಡಿಗಳಿಗೆ ಸುಮಾರು ಒಂದು ಲೀಟರ್ ಸಾಕು, ಗ್ರೇಡ್ ಮಾತ್ರ ಕಂಪನಿ ಹೇಳಿದ್ದೇ ಇರಲಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಬಟನ್ (ಟೈರಿನ ಮೇಲಿನ ಗುಬ್ಬಿ) ಎಷ್ಟೇ ಉಳಿದಿರಲಿ, ಆರು ವರ್ಷ ದಾಟಿ ಬದಿಗಳಲ್ಲಿ ಬಿರುಕು ಬಿಟ್ಟಿದ್ದರೆ ಹೊಸ ಟೈರ್ ಹಾಕಿಸಿಕೊಂಡೇ ಹೊರಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಡಾಂಬರಿನ ಮೇಲೆ ಅಂಥ ರಬ್ಬರ್ ತಡೆಯುವುದಿಲ್ಲ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ, ಗಾಡಿಯ ಮೇಲಿನ ಸ್ಟಿಕರ್ ಹೇಳಿದಷ್ಟು ಹಾಕಿಸಿ.

ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ಕೈಯಿಂದ ತಿರುಗಿಸಿ. ಚೈನಿನ ಕೆಳಸಾಲು ನಡುವೆ 25-30 ಮಿ.ಮೀ. ಆಡಬೇಕು. ಗಾಲಿ ತಿರುಗಿದಂತೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆದರೆ ಚೈನ್ ಒಂದೇ ಸಮ ಸವೆದಿಲ್ಲ. ಬಿಗಿ ಮಾಡಿದರೆ ಅದು ಸರಿಹೋಗುವುದಿಲ್ಲ, ಸ್ಪ್ರಾಕೆಟ್ ಸಮೇತ ಸೆಟ್ ಬದಲಿಸಬೇಕು. ಗಾಲಿ ತಡೆದು ತಡೆದು ತಿರುಗಿದರೆ ಬ್ರೇಕ್ ಹಿಡಿದಿದೆ ಅಂತ. ಹತ್ತು ಕಿ.ಮೀ. ಓಡಿಸಿ ಬಂದು ಗಾಲಿಯ ನಡುವಿನ ಹಬ್ಬಿಗೆ ಕೈ ತಾಕಿಸಿ ನೋಡಿ, ಕೈ ಇಡಲಾಗದಷ್ಟು ಕಾದಿದ್ದರೆ ಅನುಮಾನವೇ ಬೇಡ. ಮುಂದಿನ ಡಿಸ್ಕ್ ಇದ್ದರೆ ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದೆಯೋ ನೋಡಿ, ತಿರುಗಿದ್ದರೆ ಬದಲಿಸಿ.

ಜೊತೆಗೆ ಇರಬೇಕಾದವು: ಕ್ಲಚ್ ಕೇಬಲ್, ಎಕ್ಸಿಲೇಟರ್ ಕೇಬಲ್, ಸ್ಪಾರ್ಕ್ ಪ್ಲಗ್ ಮತ್ತು ಅದರ ಪಾನಾ, ಚೈನ್ ಲಾಕ್ (ಚೈನಿನ ತುದಿ ಜೋಡಿಸುವ ಕೊಂಡಿ), ಎರಡು ಫ್ಯೂಸ್, ಟ್ಯೂಬ್ ಟೈರ್ ಆಗಿದ್ದರೆ ಒಂದು ಟ್ಯೂಬ್, ಅರ್ಧ ಲೀಟರ್ ಇಂಜಿನ್ ಆಯಿಲ್. ಹಳೇ ಗಾಡಿಯಲ್ಲಿ ಕ್ಲಚ್ ಕೇಬಲ್ ಹರಿಯುವುದು ಲಿವರ್ ಹತ್ತಿರದ ಗುಂಡಿನ ಬಳಿ. ರಬ್ಬರ್ ಸರಿಸಿ ಒಂದೆರಡು ಎಳೆ ಬಿಟ್ಟಿದ್ದು ಕಂಡರೆ ಹೊರಡುವ ಮೊದಲೇ ಬದಲಿಸಿ.

ಹೊರಡುವ ಹೊತ್ತಿನ ಬಗ್ಗೆ ಒಂದು ಮಾತು. ನಸುಕಿನಲ್ಲೇ ಹೊರಡಿ ಎನ್ನುವುದು ಎಲ್ಲರೂ ಹೇಳುವ ಸಲಹೆ. ಆದರೆ ಬೆಳಗಾವಿಯಿಂದ ಲೋಕಾಪುರದವರೆಗೆ ರಸ್ತೆ ಪೂರ್ವಕ್ಕೇ ಮುಖ ಮಾಡಿದೆ, ಸೂರ್ಯ ಹುಟ್ಟಿದ ಒಂದು ಗಂಟೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ, ಎದುರಿನ ಹಂಪ್ಸ್ ಕಾಣುವುದಿಲ್ಲ. ಎಂಟಕ್ಕೆ ಹೊರಟರೂ ಮಧ್ಯಾಹ್ನದ ಮೇಲೆ ಹಗಲಲ್ಲೇ ಮನೆ ಸೇರಬಹುದು.

ವೇಗ 50-55ರ ಆಸುಪಾಸು ಇರಲಿ, ಒಂದೇ ವೇಗದಲ್ಲಿ ತಾಸುಗಟ್ಟಲೆ ಎಳೆಯಬೇಡಿ. ಮೊದಲ ನಿಲುಗಡೆ ನೇಸರಗಿ, ಆಮೇಲೆ ಯರಗಟ್ಟಿ, ಲೋಕಾಪುರ, ಗದ್ದನಕೇರಿ ಕ್ರಾಸ್. ಪ್ರತಿ ಸಲ ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡಿ. ನೂರು ಕಿ.ಮೀ.ಗೆ ನೂರು ಮಿ.ಲೀ. ಇಳಿದು ಸೋರಿಕೆಯೂ ಕಾಣದಿದ್ದರೆ ಆಯಿಲ್ ಒಳಗೇ ಸುಡುತ್ತಿದೆ: ತುಂಬಿಸುತ್ತ ನಿಧಾನ ಹೋಗಿ, ಮನೆ ಸೇರಿದ ಮೇಲೆ ಪಿಸ್ಟನ್ ರಿಂಗ್, ವಾಲ್ವ್ ಸೀಲ್ ನೋಡಿಸಿ. ಓಡುವಾಗ ಎಳೆತ ತಟ್ಟನೆ ಕುಗ್ಗಿ ಇಂಜಿನ್ ಬಿಗಿಯಾದಂತೆ ಅನಿಸಿದರೆ ಮೊದಲು ಕ್ಲಚ್ ಹಿಡಿಯಿರಿ, ಆಮೇಲೆ ಬದಿಗೆ ಬನ್ನಿ. ಕ್ಲಚ್ ಹಿಡಿಯದಿದ್ದರೆ ಹಿಂದಿನ ಗಾಲಿ ಲಾಕ್ ಆಗಿ ಬೀಳುತ್ತೀರಿ.

ರಸ್ತೆ ಬದಿಯ ಜಾಲಿ ಗಿಡದ ನೆರಳಲ್ಲಿ ಗಾಡಿ ನಿಲ್ಲಿಸಬೇಡಿ, ಮುಳ್ಳು ಟೈರಿನಲ್ಲೇ ಕೂತು ಹತ್ತು ಕಿ.ಮೀ. ಆಚೆ ಪಂಚರ್ ಮಾಡುತ್ತದೆ. ಸುಗ್ಗಿಯಲ್ಲಿ ಡಾಂಬರಿನ ಮೇಲೆ ಹರಡಿದ ತೊಗರಿ, ಜೋಳದ ರಾಶಿ ಸಿಗುತ್ತದೆ. ಅದರ ಮೇಲೆ ಬ್ರೇಕ್ ಒತ್ತಬೇಡಿ, ಕಾದ ಸೈಲೆನ್ಸರಿಗೆ ಒಣ ಹೊಟ್ಟು ಅಂಟಿದ್ದರೆ ನಿಂತು ತೆಗೆಯಿರಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಯಿಂದ ರಸ್ತೆಗೆ ಬಿದ್ದ ಎರಿ ಮಣ್ಣು ಬೆಣ್ಣೆಯಂತೆ ಜಾರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಗೆ ಹಿಂದೆ ದೀಪವೇ ಇರದು, ಕತ್ತಲಾದ ಮೇಲೆ ಓಡಿಸಬಾರದು ಎನ್ನುವುದು ಮುಖ್ಯವಾಗಿ ಈ ಕಾರಣಕ್ಕೆ.

ಗದ್ದನಕೇರಿಯಿಂದ ದಾರಿ ಉತ್ತರಕ್ಕೆ ತಿರುಗುತ್ತದೆ. ಅನಗವಾಡಿಯಲ್ಲಿ ಘಟಪ್ರಭೆ, ಕೊಲ್ಹಾರದ ಹತ್ತಿರ ಕೃಷ್ಣೆಯ ಉದ್ದನೆಯ ಸೇತುವೆ. ಹಿನ್ನೀರಿನ ಮೇಲೆ ಅಡ್ಡಗಾಳಿ ಜೋರು, ಜೂನ್-ಜುಲೈಯಲ್ಲಂತೂ ಹಗುರ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಲಾರಿ ದಾಟಿಸುವಾಗ ಅದರ ಮರೆ ತಪ್ಪಿದ ಕೂಡಲೇ ಗಾಳಿ ಬಡಿಯುತ್ತದೆ, ಹಾಗಾಗಿ ಸೇತುವೆಯ ಮೇಲೆ ಓವರ್‌ಟೇಕ್ ಬೇಡ. ಸೇತುವೆ ದಾಟಿ ಕೊಲ್ಹಾರದಲ್ಲಿ ಗಡಿಗೆ ಮೊಸರು ತಿಂದು, ಚೈನ್ ಇನ್ನೊಮ್ಮೆ ನೋಡಿಕೊಂಡು ಹೊರಡಿ.

ಮನೆ ಮುಟ್ಟಿದ ಸಂಜೆ ಗಾಡಿಯ ಕೆಳಗೆ ಹಳೇ ಪೇಪರ್ ಹಾಸಿಡಿ. ಬೆಳಿಗ್ಗೆ ಎಲ್ಲಿ ಹನಿ ಬಿದ್ದಿದೆಯೋ ಅಲ್ಲಿಂದ ರಿಪೇರಿ ಶುರು. ಮಾಲೀಕತ್ವ ಬದಲಾವಣೆಗೆ 30 ದಿನದೊಳಗೆ ಅರ್ಜಿ ಹಾಕಿ, ವಿಮೆ ನಿಮ್ಮ ಹೆಸರಿಗೆ ಮಾಡಲು 14 ದಿನದೊಳಗೆ ಕಂಪನಿಗೆ ಬರೆಯಿರಿ.