ಕೈಯಲ್ಲಿ ಹಿಡಿಯುವ ಪರದೆಗೆ ಗೇಮ್ ಮಾರುವುದು: ಸ್ವಿಚ್‌ಗಿಂತ ಮೊದಲು ಸ್ಟೀಮ್ ಡೆಕ್

ಒಬ್ಬಿಬ್ಬರೇ ಕಟ್ಟಿದ ಇಂಡೀ ಗೇಮ್‌ಗೆ ಹ್ಯಾಂಡ್‌ಹೆಲ್ಡ್ ಮಾರುಕಟ್ಟೆ ಬೇಕಿದ್ದರೆ ನಾನು ಸ್ಟೀಮ್ ಡೆಕ್‌ನಿಂದಲೇ ಶುರು ಮಾಡುತ್ತೇನೆ. ಅದು ವಾಲ್ವ್ ಕಂಪನಿಯ ಸ್ಟೀಮ್ ಅಂಗಡಿಯ ಗೇಮ್‌ಗಳನ್ನು ಓಡಿಸುವ, ಅದೇ ಕಂಪನಿಯ ಕೈಯಂತ್ರ. ನಿಂಟೆಂಡೊದ ಕೈಯಂತ್ರ ಸ್ವಿಚ್‌ಗೆ ಆ ಕಂಪನಿಯ ಒಪ್ಪಿಗೆ, ಬೇರೆ ಡೆವ್‌ಕಿಟ್ (ಗೇಮ್ ಕಟ್ಟಿ ಪರೀಕ್ಷಿಸುವ ವಿಶೇಷ ಯಂತ್ರ), ಬಿಡುಗಡೆಗೆ ಮುಂಚಿನ ಲಾಟ್‌ಚೆಕ್ ಪರೀಕ್ಷೆ ಎಲ್ಲ ಬೇಕು. ಗೇಮ್ ಕಟ್ಟುವ ತಂತ್ರಾಂಶ ಗೊಡೋ ಬಳಸಿದರೆ ಅದರಲ್ಲಿ ಕನ್ಸೋಲ್ ಎಕ್ಸ್‌ಪೋರ್ಟ್ ಇಲ್ಲ, ಗೇಮನ್ನು ಕನ್ಸೋಲ್‌ಗೆ ಹೊಂದಿಸಿಕೊಡುವವರಿಗೆ ಪ್ರತ್ಯೇಕ ಹಣ. ಸ್ಟೀಮ್‌ನಲ್ಲಿ ಶುಲ್ಕ 100 ಡಾಲರ್. ಗೇಮ್ 1,000 ಡಾಲರ್ ಗಳಿಸಿದರೆ ಅದೂ ವಾಪಸು.

ಡೆಕ್‌ಗೆ ವಿಂಡೋಸ್ ಬಿಲ್ಡ್ ಒಂದೇ ಸಾಕು, ಲಿನಕ್ಸ್ ಮೇಲೆ ವಿಂಡೋಸ್ ಗೇಮ್ ನಡೆಸುವ ಪ್ರೋಟಾನ್ ಅದನ್ನು ಓಡಿಸುತ್ತದೆ. ಎಡವುವುದು ವಿಡಿಯೊದಲ್ಲಿ: ವಿಂಡೋಸ್‌ನ ವಿಡಿಯೊ ವ್ಯವಸ್ಥೆ ಮೀಡಿಯಾ ಫೌಂಡೇಶನ್ ನಂಬಿದ ಎಂಪಿ4 ಕಟ್‌ಸೀನ್ (ಗೇಮ್ ನಡುವಿನ ಕಥಾ ದೃಶ್ಯ) ಬದಲು ಬಣ್ಣದ ಪಟ್ಟಿಗಳು ಕಾಣಬಹುದು. ಹಾಗಾಗಿ ಎಲ್ಲ ವಿಡಿಯೊವನ್ನೂ ಮುಕ್ತ ವಿಡಿಯೊ ಸ್ವರೂಪವಾದ ಆಗ್ ಥಿಯೋರಾಕ್ಕೆ ಬದಲಿಸಿದೆ.

ಡೆಕ್‌ನಲ್ಲಿ ಗೇಮ್ ಚೆನ್ನಾಗಿ ನಡೆಯುತ್ತದೆ ಎಂದು ವಾಲ್ವ್ ಕೊಡುವ ‘ವೆರಿಫೈಡ್’ ಗುರುತಿಗೆ ಎಲ್ಲ ಮೆನುವೂ ಕಂಟ್ರೋಲರ್‌ನಲ್ಲೇ ತೆರೆಯಬೇಕು, ಪರದೆಯಲ್ಲಿ ಕೀಬೋರ್ಡ್ ಗುರುತು ಉಳಿದಿರಬಾರದು, ಹೆಸರು ಬರೆಯುವ ಜಾಗಕ್ಕೆ ಹೋದಾಗ ಸ್ಟೀಮ್‌ನ ಕೀಬೋರ್ಡ್ ತಾನಾಗಿ ಬರಬೇಕು. 1280x800ರಲ್ಲಿ ಅಕ್ಷರದ ಎತ್ತರ 9 ಪಿಕ್ಸೆಲ್‌ಗಿಂತ ಕಡಿಮೆ ಆಗಕೂಡದು.

ಈ 9 ಪಿಕ್ಸೆಲ್ ಕನ್ನಡಕ್ಕೆ ಏನೇನೂ ಸಾಲದು. ‘ಶಸ್ತ್ರ’ ಎಂಬ ಬಟನ್‌ನಲ್ಲಿ ಒತ್ತಕ್ಷರ ಕೆಳಕ್ಕೆ ಇಳಿದು ಚೌಕಟ್ಟಿನಲ್ಲಿ ಕತ್ತರಿಸಿಹೋಗುತ್ತದೆ. 7 ಇಂಚಿನ ಪರದೆಯಲ್ಲಿ ‘ಪ’ ಮತ್ತು ‘ಷ’ ಒಂದೇ ಥರ ಕಾಣುತ್ತವೆ. ಫಾಂಟ್ ಗಾತ್ರವನ್ನು 24 ಪಿಕ್ಸೆಲ್‌ಗಿಂತ ಕೆಳಗಿಳಿಸಲಿಲ್ಲ, ಸಾಲಿನ ಅಂತರ ಒಂದೂವರೆ ಪಟ್ಟು ಇಟ್ಟೆ, ಬಟನ್‌ಗಳ ಎತ್ತರವನ್ನು ಇಂಗ್ಲಿಷ್ ನೋಡಿ ಅಳೆಯುವುದು ಬಿಟ್ಟೆ. ಗೊಡೋ 4ರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಇರುವುದರಿಂದ ಒತ್ತುಗಳು ಸರಿಯಾಗಿ ಕೂಡುತ್ತವೆ. ಗೊಡೋದಂಥದೇ ಇನ್ನೊಂದು ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋ ಆ ಕೆಲಸ ಮಾಡುವುದಿಲ್ಲ, ಒತ್ತುಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಇದನ್ನು ಗೇಮ್ ಮುಗಿದ ಮೇಲೆ ಕಂಡುಕೊಂಡರೆ ಇಡೀ ಮೆನು ಮತ್ತೆ ಕಟ್ಟಬೇಕಾಗುತ್ತದೆ.

ಹಳೆಯ ಎಲ್‌ಸಿಡಿ ಡೆಕ್‌ನ ಬ್ಯಾಟರಿ 40 ವಾಟ್‌ಅವರ್. ಯಂತ್ರ ಒಟ್ಟು 20 ವಾಟ್ ಎಳೆದರೆ ಎರಡೇ ಗಂಟೆ. 8 ವಾಟ್‌ಗೆ ತಂದರೆ ಐದು. 2ಡಿ ಗೇಮ್‌ಗೆ ಫ್ರೇಮ್ ಮಿತಿ ಹಾಕದೆ ಬಿಟ್ಟರೆ ಜಿಪಿಯು ಸುಮ್ಮನೆ ಓಡುತ್ತಲೇ ಇರುತ್ತದೆ. ಸೆಕೆಂಡಿಗೆ 40 ಅಥವಾ 60 ಫ್ರೇಮ್‌ನ ಆಯ್ಕೆಯನ್ನು ಮೆನುವಿನಲ್ಲೇ ಕೊಡಿ.

ಇವೆಲ್ಲ ಕೊನೆಗೆ ಹಣದ ಮಾತೇ. ಖರೀದಿಸಿ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಗ್ರಾಹಕ ಹಣ ವಾಪಸು ಕೇಳಬಹುದು. ಓದಲಾಗದ ಮೆನು ಮೊದಲ ಹತ್ತು ನಿಮಿಷದಲ್ಲೇ ಸಿಕ್ಕಿಬೀಳುತ್ತದೆ. ಮಾರಾಟ ತೆರಿಗೆ ಕಳೆದು 10 ಡಾಲರ್ ಬಂದರೆ ವಾಲ್ವ್ ಪಾಲು 3. ಅಮೆರಿಕದಲ್ಲಾದ ಮಾರಾಟದಿಂದ ನಿಮಗೆ ಬರುವ ಪಾಲಿನ ಮೇಲೆ 30% ತೆರಿಗೆ ಹಿಡಿಯುತ್ತಾರೆ. ಭಾರತದಲ್ಲಿರುವವರು ತೆರಿಗೆ ಸಂದರ್ಶನದಲ್ಲಿ (ಸ್ಟೀಮ್ ತುಂಬಿಸುವ ಆನ್‌ಲೈನ್ ತೆರಿಗೆ ಪ್ರಶ್ನಾವಳಿ) ಪ್ಯಾನ್ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೇಳಿದರೆ ಅದು 15%. ಇದನ್ನು ಬಿಡುಗಡೆಗೆ ಮುಂಚೆಯೇ ಮುಗಿಸಿ. ಹೇಗೂ ಶುಲ್ಕ ಕಟ್ಟಿದ ಮೇಲೆ 30 ದಿನ ಕಾಯಲೇಬೇಕು.